ಸಹಾಯ ಬೇಕು: ಗಿಟಾರಿನ ಓಪನ್ ಕಾರ್ಡ್‌ಗಳನ್ನು ಅಲಂಕರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಿಟಾರಿನ ಓಪನ್ ಕಾರ್ಡ್‌ಗಳು (ಕೆಲವು ತಂತಿಗಳನ್ನು ಒತ್ತದೆ ಖಾಲಿ ಬಿಟ್ಟು ನುಡಿಸುವ ಸ್ವರಗುಚ್ಛಗಳು) ಕೈಗೆ ಕೂತಿವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಾಳವೂ ತಪ್ಪುವುದಿಲ್ಲ. ಆದರೆ ಸುಮ್ನೆ ಸ್ಟ್ರಮ್ ಮಾಡುತ್ತಾ (ತಂತಿಗಳನ್ನು ಒಟ್ಟಿಗೆ ಮೀಟುತ್ತಾ) ಹೋದರೆ ಹಾಡು ಬೋಳು ಬೋಳಾಗಿ ಕೇಳುತ್ತದೆ.

ಡಿ ಕಾರ್ಡ್‌ನಲ್ಲಿ ದಾರಿ ಸಿಕ್ಕಿದೆ. ಮೊದಲನೇ ತಂತಿಯ (ಎಲ್ಲಕ್ಕಿಂತ ತೆಳುವಾದದ್ದು) 3ನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆ) ಕಿರುಬೆರಳು ಇಟ್ಟರೆ ಡಿ ಸಸ್4, ಅಂದರೆ ಕಾರ್ಡ್‌ನ ಮೂರನೇ ಸ್ವರದ ಬದಲು ನಾಲ್ಕನೆಯದು. ಅದೇ ತಂತಿಯನ್ನು ಪೂರ್ತಿ ಖಾಲಿ ಬಿಟ್ಟರೆ ಡಿ ಸಸ್2, ಅಂದರೆ ಮೂರನೆಯದರ ಬದಲು ಎರಡನೇ ಸ್ವರ. ಅಲ್ಲಿಂದ ಮತ್ತೆ ಡಿಗೆ ಮರಳುವಾಗ ಎಷ್ಟು ಹಿತ ಅಲ್ವಾ! ಎ ಕಾರ್ಡ್‌ನಲ್ಲಿ ಎರಡನೇ ತಂತಿಯ ಮೇಲೆ ಇದೇ ಕೆಲಸ ನಡೆಯುತ್ತದೆ. ಸಿ ಕಾರ್ಡ್‌ನಲ್ಲಿ ನಾಲ್ಕನೇ ತಂತಿಗೆ ಹ್ಯಾಮರ್-ಆನ್ (ಮೀಟಿದ ತಂತಿಯ ಮೇಲೆ ಬೆರಳು ಬಡಿದು ಮೇಲಿನ ಸ್ವರ ತರುವುದು) ಹಾಕುತ್ತೇನೆ.

ತೊಡಕಿರುವುದು ಜಿಯಲ್ಲಿ. ಐದನೇ ತಂತಿಯ ಹ್ಯಾಮರ್-ಆನ್ ಬಿಟ್ಟರೆ ಬೇರೇನೂ ಹೊಳೆಯುತ್ತಿಲ್ಲ. ಸಸ್4 ಬೇಕೆಂದರೆ ಎರಡನೇ ತಂತಿಯ 1ನೇ ಫ್ರೆಟ್ ಒತ್ತಬೇಕು, ಅದು ಸಿ ಸ್ವರ. ಆಗ ಐದನೇ ತಂತಿಯಲ್ಲಿ ಬಿ ಸ್ವರ ಇನ್ನೂ ಮೊಳಗುತ್ತಿರುತ್ತದೆ, ಎರಡೂ ತಿಕ್ಕಾಡುತ್ತವೆ. ನೀವು ಐದನೇ ತಂತಿಯನ್ನು ಮ್ಯೂಟ್ ಮಾಡುತ್ತೀರಾ, ಅಥವಾ ಜಿ ಹಿಡಿಯುವ ಬೆರಳುಗಳನ್ನೇ ಬದಲಿಸುತ್ತೀರಾ?

ನನಗೆ ಇದಕ್ಕಿಂತ ಜಾಸ್ತಿ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಹಾಡುತ್ತಾ ನುಡಿಸುವಾಗ ಇವನ್ನೆಲ್ಲ ಎಲ್ಲಿ ಹಾಕಬೇಕು? ದನಿ ನಿಂತು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಸಾಲಿನ ನಡುವೆ ಹಾಕಿದರೆ ಕೆಲವೊಮ್ಮೆ ರಾಗಕ್ಕೆ ಅಡ್ಡ ಬರುತ್ತದೆ. ನೀವು ಕಿವಿಯನ್ನೇ ನಂಬುತ್ತೀರಾ, ಇಲ್ಲ ಮೊದಲೇ ಜಾಗ ಗುರುತು ಮಾಡಿಕೊಳ್ಳುತ್ತೀರಾ?

ಜಿಯಿಂದ ಸಿಗೆ ಬೇಸ್ (ಕೆಳದನಿಯ) ಸ್ವರಗಳಲ್ಲಿ ನಡೆದು ಹೋಗುವಾಗ ಸ್ಟ್ರಮ್ ನಿಲ್ಲದಂತೆ ಅಭ್ಯಾಸ ಮಾಡುವ ಕ್ರಮವನ್ನೂ ತಿಳಿಸಿ. ತಂತಿ, ಫ್ರೆಟ್ ಸಂಖ್ಯೆ ಬರೆದರೂ ಸಾಕು.