ಆರ್‌ಸಿ ಮುಗಿದು ಶೆಡ್ಡಿನಲ್ಲಿ ನಿಂತ ಗಾಡಿಗೆ ಇನ್ಶೂರೆನ್ಸ್ ಸಿಗುತ್ತಾ?

ಪ್ರಶ್ನೆ (ಪಾಂಡವಪುರ): ತಂದೆಯವರ ಹೆಸರಿನಲ್ಲಿ 1997ರ ಮಾರುತಿ 800 ಇದೆ, ಕೆಎ-11 ನಂಬರು. ಆರ್‌ಸಿ 2012ಕ್ಕೇ ಮುಗಿದಿದೆ. ತಂದೆ ಈಗಿಲ್ಲ. ಗಾಡಿಯನ್ನು ನಮ್ಮ ಹಳೇ ಆಲೆಮನೆ ಶೆಡ್ಡಿನಲ್ಲಿಟ್ಟು ಎಂಜಿನ್ ಇಳಿಸಿ ರಿಪೇರಿ ಮಾಡಿಸ್ತಾ ಇದ್ದೀವಿ. ಇನ್ನೂ ಒಂದು ವರ್ಷ ರೋಡಿಗೆ ಇಳಿಯಲ್ಲ. ಕಳವು, ಬೆಂಕಿಗಾದರೂ ವಿಮೆ ಮಾಡಿಸಬಹುದಾ ಸರ್? "ಆರ್‌ಸಿ ಇಲ್ಲದೆ ಏನೂ ಆಗಲ್ಲ" ಅಂತಾರೆ ಏಜೆಂಟರು.

ಉತ್ತರ (ವಿಮಾ ಸರ್ವೇಯರ್, ಮೈಸೂರು): ಏಜೆಂಟರು ಹೇಳಿದ್ದು ಅರ್ಧ ಸರಿ. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ) ವಿಮೆ ಕಡ್ಡಾಯ ಅನ್ನುವುದು ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್. ಅದು ಸಾರ್ವಜನಿಕ ಜಾಗದಲ್ಲಿ ಬಳಸುವ ಗಾಡಿಯ ಮಾತು. ನಿಮ್ಮ ಸ್ವಂತ ಶೆಡ್ಡಿಗೆ ಬೀಗ ಹಾಕಿ ನಿಲ್ಲಿಸಿದ್ದಕ್ಕೆ ಆ ಕಡ್ಡಾಯವಿಲ್ಲ. ಬೆಂಕಿ, ಕಳವಿನ ವಿಮೆ ಬೇರೆ ವಿಷಯ. ಅದನ್ನು ಕೊಡುವುದು ಬಿಡುವುದು ಕಂಪನಿಯ ಇಷ್ಟ, ಆದರೆ ಅಂಥದ್ದೊಂದು ಖಂಡಿತ ಇದೆ. ಪಾಲಿಸಿಗೆ ಸೇರಿಸುವ ಈ ವಿಶೇಷ ಷರತ್ತಿನ ಹೆಸರು ಐಎಂಟಿ (ಇಂಡಿಯನ್ ಮೋಟಾರ್ ಟ್ಯಾರಿಫ್) 26, "ಫೈರ್ ಅಂಡ್/ಆರ್ ಥೆಫ್ಟ್ ಓನ್ಲಿ" ಎಂಡಾರ್ಸ್‌ಮೆಂಟ್. ಗಾಡಿ ಗ್ಯಾರೇಜಿನಲ್ಲಿ ಓಡದೆ ನಿಂತಿರುವಷ್ಟು ಕಾಲ ಬೆಂಕಿ, ಸ್ಫೋಟ, ಸಿಡಿಲು, ಕನ್ನ, ಕಳವು ಇದರಲ್ಲಿ ಬರುತ್ತೆ. ಥರ್ಡ್ ಪಾರ್ಟಿ ಭಾಗ ರದ್ದಾಗಿರುತ್ತೆ. ಶೆಡ್ಡು ಹೊಳೆ ಪಕ್ಕದಲ್ಲಿದ್ದರೆ ಪ್ರವಾಹದ ಮಾತು ಪಾಲಿಸಿಯಲ್ಲಿ ಅಚ್ಚಾಗಿದೆಯಾ ಅಂತ ಓದಿಯೇ ದುಡ್ಡು ಕಟ್ಟಿ. ಕೆಆರ್‌ಎಸ್‌ನಿಂದ ನೀರು ಬಿಟ್ಟ ಮೇಲೆ ಓದಿ ಪ್ರಯೋಜನವಿಲ್ಲ.

ಆನ್‌ಲೈನಿನಲ್ಲಿ ಇದಕ್ಕೆ ಹುಡುಕಬೇಡಿ. ಅಲ್ಲಿ ನಂಬರ್ ಹಾಕಿದರೆ ಸರ್ಕಾರದ ‘ವಾಹನ್’ ದಾಖಲೆಯಲ್ಲಿ ಅವಧಿ ಮುಗಿದಿದೆ ಅಂತ ಬರುತ್ತೆ, ಮುಂದಕ್ಕೆ ಹೋಗಲ್ಲ. ಬ್ರಾಂಚ್ ಆಫೀಸಿಗೇ ಹೋಗಿ ಅಂಡರ್‌ರೈಟಿಂಗ್ (ವಿಮೆ ಕೊಡಬೇಕಾ ಬೇಡವಾ ಅಂತ ನಿರ್ಧರಿಸುವ ಕೆಲಸ) ನೋಡುವವರ ಕೈಗೆ ಅರ್ಜಿ ಕೊಡಿ. ಎಂಜಿನ್ ನಂಬರ್, ಚಾಸಿಸ್ ನಂಬರ್, ಆರ್‌ಸಿ ಮುಗಿದ ತಾರೀಖು, ಶೆಡ್ಡಿನ ಪೂರ್ತಿ ವಿಳಾಸ, ಎಷ್ಟು ತಿಂಗಳು ನಿಲ್ಲುತ್ತೆ, ಓಡಿಸುವುದಿಲ್ಲ, ಇಷ್ಟೂ ಬರೆಯಿರಿ. ಆರ್‌ಸಿ ಮುಗಿದದ್ದನ್ನು ದಯವಿಟ್ಟು ಮುಚ್ಚಿಡಬೇಡಿ. ಕ್ಲೇಮ್ ಹೊತ್ತಿಗೆ ಅದು ಹೊರಬಂದೇ ಬರುತ್ತೆ, ಆಗ ಕಟ್ಟಿದ ಪ್ರೀಮಿಯಂ ನೀರುಪಾಲು. ಅರ್ಜಿಯ ನಕಲಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಒಂದು ಕಡೆ ಆಗಲ್ಲ ಅಂದರೆ ಇನ್ನೊಂದು ಕಂಪನಿಯ ಬ್ರಾಂಚಿಗೆ ಹೋಗಿ.

ಅದಕ್ಕೂ ಮೊದಲು ಹೆಸರಿನ ವಿಷಯ ಸರಿಮಾಡಿ. ಪಾಲಿಸಿದಾರರು ತೀರಿಕೊಂಡರೆ ಅವರ ಪಾಲಿಸಿ ನಡೆಯುವುದು ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು. ಹೊಸದನ್ನು ವಾರಸುದಾರರೇ ಮಾಡಿಸಬೇಕು: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಆರ್‌ಟಿಒದಲ್ಲಿ ಇದರ ವರ್ಗಾವಣೆಗೆ ಫಾರಂ 31.

ಮರುಪ್ರಶ್ನೆ (ಪಾಂಡವಪುರ): ಎಂಜಿನ್, ಗೇರ್ ಬಾಕ್ಸ್ ಬಿಚ್ಚಿ ಪಕ್ಕದ ರೂಮಿನಲ್ಲಿಟ್ಟಿದ್ದೀವಿ. ಅದೂ ಸೇರುತ್ತಾ?

ಉತ್ತರ: ಕೇಳಿದ್ದು ಒಳ್ಳೇದಾಯ್ತು, ಹೆಚ್ಚಿನವರು ಎಡವುವುದು ಇಲ್ಲೇ. ಪಾಲಿಸಿ ಕಾಯುವುದು ಗಾಡಿಯನ್ನು, ಗಾಡಿಯ ಮೇಲಿರುವ ಸಾಮಾನನ್ನು. ಬಿಚ್ಚಿ ಬೇರೆಡೆ ಇಟ್ಟ ಗೇರ್ ಬಾಕ್ಸ್ ಕಳುವಾದರೆ "ಗಾಡಿ ಮೇಲಿರಲಿಲ್ಲ" ಅಂತ ತಳ್ಳಿಹಾಕಲು ಅವಕಾಶವಿದೆ. ಬಿಚ್ಚಿದ ಭಾಗಗಳ ಪಟ್ಟಿ, ನಂಬರು, ಬಿಲ್ಲು ಸಮೇತ ಅರ್ಜಿಯಲ್ಲೇ ಹಾಕಿ ಲಿಖಿತವಾಗಿ ಒಪ್ಪಿಸಿಕೊಳ್ಳಿ. ಮನೆ ವಿಮೆಯಲ್ಲಿ ಬರುತ್ತೆ ಅಂದುಕೊಳ್ಳಬೇಡಿ. ಭಾರತ್ ಗೃಹ ರಕ್ಷಾದಲ್ಲಿ ಸ್ಪಷ್ಟವಾಗಿ ಬರೆಸದ ಹೊರತು ವಾಹನ ಸೇರುವುದಿಲ್ಲ.

ಐದು ವರ್ಷ ದಾಟಿದ ಗಾಡಿಯ ಐಡಿವಿಗೆ (ವಿಮೆಗೆ ಹಿಡಿಯುವ ಗಾಡಿಯ ಬೆಲೆಗೆ) ಕೋಷ್ಟಕವಿಲ್ಲ, ನೀವೂ ಕಂಪನಿಯೂ ಮಾತಾಡಿ ಒಪ್ಪಿದ ಮೊತ್ತವೇ ಬೆಲೆ. ಆದ್ದರಿಂದ ನಾಲ್ಕೂ ಕಡೆಯ ಫೋಟೋ, ಶೆಡ್ಡಿನ ಬಾಗಿಲು ಬೀಗದ ಫೋಟೋ, ಟಿಂಕರಿಂಗ್ ಬಿಲ್ಲು ಎಲ್ಲಾ ಫೈಲ್ ಮಾಡಿ. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಈಗಲೇ ತೆಗೆಯಿರಿ. ಬಟ್ಟೆಗೆ ಚೂರು ಸೀಮೆಎಣ್ಣೆ ಹಾಕಿ ಒರೆಸಿ, ಒಣಗಿದ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲ್ ಮಲಗಿಸಿ ಉಜ್ಜಿದರೆ ಅಕ್ಷರ ಮೂಡುತ್ತೆ. ಉಪ್ಪುಕಾಗದ, ವೈರ್ ಬ್ರಷ್ ಮುಟ್ಟಿಸಬೇಡಿ, ನಂಬರ್ ತಿದ್ದಿದ ಹಾಗೆ ಕಾಣುತ್ತೆ. ಪೇಂಟರಿಗೂ ಆ ಜಾಗಕ್ಕೆ ಪುಟ್ಟಿ ಮೆತ್ತಬೇಡಿ ಅಂತ ಹೇಳಿ.

ಆಲೆಮನೆ ಶೆಡ್ಡು ಅಂದಿರಿ. ಒಳಗೆ ಕಬ್ಬಿನ ತರಗು, ಒಣ ಸಿಪ್ಪೆ ಇದ್ದರೆ ಮೊದಲು ಸಾಗಿಸಿ, ಬೆಂಕಿಯ ವಿಮೆ ಕೇಳಿದಾಗ ನೋಡುವುದೇ ಅದನ್ನು. ಟ್ಯಾಂಕಿನ ಪೆಟ್ರೋಲ್ ತೆಗೆಸಿ, 10ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಇಲಿ ವೈರ್ ಕಡಿದ ರಿಪೇರಿಗೆ ಈ ಪಾಲಿಸಿಯಲ್ಲಿ ಕಾಸು ಬರಲ್ಲ.

ಪ್ರಶ್ನೆ (ಮೈಸೂರು, ಕುವೆಂಪುನಗರ): ಹೊಸ ಕಾರು, ಫ್ಯಾನ್ಸಿ ನಂಬರಿಗೆ ಕಾಯ್ತಾ ಇದ್ದೀವಿ. ಟೆಂಪರರಿ ರಿಜಿಸ್ಟ್ರೇಷನ್ ಮುಗಿದು ಹತ್ತು ದಿನ ಆಯ್ತು. ಫುಲ್ ಇನ್ಶೂರೆನ್ಸ್ ಇದೆಯಲ್ಲ, ಪರವಾಗಿಲ್ವಾ?

ಉತ್ತರ: ಇಲ್ಲ ಮೇಡಂ, ಇದು ಶೆಡ್ಡಿನ ಮಾರುತಿಗಿಂತ ಅಪಾಯ. 2021ರಲ್ಲಿ ಸುಪ್ರೀಂ ಕೋರ್ಟು ಯುನೈಟೆಡ್ ಇಂಡಿಯಾ ವಿಮಾ ಕಂಪನಿ ಮತ್ತು ಸುಶೀಲ್ ಕುಮಾರ್ ಗೋದಾರಾ ಪ್ರಕರಣದಲ್ಲಿ ಇದನ್ನೇ ತೀರ್ಮಾನಿಸಿತು. ಟೆಂಪರರಿ ರಿಜಿಸ್ಟ್ರೇಷನ್ ಮುಗಿದಿದ್ದ ಬೊಲೆರೊ ಜೋಧಪುರದ ಗೆಸ್ಟ್ ಹೌಸ್ ಹೊರಗಿನಿಂದ ಕಳುವಾಗಿತ್ತು. ಪಾಲಿಸಿ ಜೀವಂತ ಇದ್ದರೂ ಕ್ಲೇಮ್ ಇಲ್ಲ ಅಂತಾಯ್ತು, ಏಕೆಂದರೆ ನೋಂದಣಿಯಿಲ್ಲದ ಗಾಡಿಯನ್ನು ಹೊರಗೆ ಬಳಸುವುದೇ ಪಾಲಿಸಿ ಷರತ್ತಿನ ಮೂಲಭೂತ ಉಲ್ಲಂಘನೆ. ನಂಬರ್ ಸಿಗುವವರೆಗೆ ಕಾಂಪೌಂಡ್ ಒಳಗೆ ನಿಲ್ಲಿಸಿ, ಇವತ್ತೇ ಡೀಲರ್ ಮೂಲಕ ಆರ್‌ಟಿಒ ಕೆಲಸ ಮುಗಿಸಿ. ಮನೆ ಮುಂದಿನ ರಸ್ತೆಯೂ ಸಾರ್ವಜನಿಕ ಜಾಗವೇ. ನಿಂತ ಗಾಡಿಯೂ "ಬಳಕೆ"ಯಲ್ಲಿದೆ ಅನ್ನುವ ಅರ್ಥವನ್ನು 1991ರಿಂದಲೇ ಕೋರ್ಟು ಒಪ್ಪಿದೆ.

ಪ್ರಶ್ನೆ (ಮದ್ದೂರು): ಆರ್‌ಸಿ, ಪಾಲಿಸಿ ಎರಡೂ ಸರಿಯಾಗಿದೆ. ಎಂಟು ತಿಂಗಳು ಮಗಳ ಮನೆಗೆ ವಿದೇಶಕ್ಕೆ ಹೋಗ್ತೀವಿ. ಪ್ರೀಮಿಯಂ ಉಳಿಸಬಹುದಾ?

ಉತ್ತರ: ಆಗುತ್ತೆ ಸರ್. "ಲೇಡ್ ಅಪ್" (ಗಾಡಿ ಬಳಸದೆ ನಿಲ್ಲಿಸಿದೆ) ಅಂತ ವಿಮಾ ಕಂಪನಿಗೆ ಮೊದಲೇ ನೋಟಿಸ್ ಕೊಡಿ. ಸತತ ಎರಡು ತಿಂಗಳಿಗಿಂತ ಕಮ್ಮಿ ಇರಬಾರದು. ದಿನ ಲೆಕ್ಕ ಶುರುವಾಗುವುದು ಪತ್ರ ಅವರ ಕೈ ಸೇರಿದಂದಿನಿಂದ. ಹೊರಡುವಾಗ ಕೊಡದೆ ಬಂದ ಮೇಲೆ ಕೇಳಿದರೆ ಆಗಲ್ಲ. ಆ ಅವಧಿಯಲ್ಲಿ ಬೆಂಕಿ, ಕಳವಿನಂಥವು ಮಾತ್ರ ಉಳಿಯುತ್ತೆ, ಅದರ ಪ್ರೀಮಿಯಂ ಕಳೆದು ಮಿಕ್ಕದ್ದು ನಿಮಗೆ ಜಮಾ. ಅಕ್ಕಪಕ್ಕದ ಹುಡುಗರ ಕೈಗೆ ಬೀಗದ ಕೈ ಕೊಟ್ಟು "ಒಂದು ರೌಂಡ್ ಹಾಕಿ" ಅನ್ನಬೇಡಿ, ಆಗ ಥರ್ಡ್ ಪಾರ್ಟಿ ವಿಮೆಯೂ ಇರಲ್ಲ. ನಡುವೆ ಪಾಲಿಸಿ ಮುಗಿದರೆ 90 ದಿನದೊಳಗೆ ನವೀಕರಿಸಿ, ಇಲ್ಲದಿದ್ದರೆ ಕ್ಲೇಮ್ ಇಲ್ಲದ ವರ್ಷಗಳಿಂದ ಕೂಡಿಟ್ಟ ಪ್ರೀಮಿಯಂ ರಿಯಾಯಿತಿ, ಅಂದರೆ ಎನ್‌ಸಿಬಿ, 50 ಪರ್ಸೆಂಟ್ ಇದ್ದರೂ, ಪೂರ್ತಿ ಹೋಗುತ್ತೆ. ಎರಡೂ ಬೀಗದ ಕೈ ಭದ್ರವಾಗಿರಲಿ. ಕಳವಾದರೆ ಎಫ್‌ಐಆರ್, ಪೊಲೀಸರ ಸಿ ರಿಪೋರ್ಟ್ (ಪತ್ತೆಯಾಗಲಿಲ್ಲ ಅನ್ನುವ ವರದಿ) ಜೊತೆ ಅವೆರಡನ್ನೂ ಕೇಳ್ತಾರೆ.

ಪ್ರಶ್ನೆ (ಕೆ.ಆರ್.ಪೇಟೆ): ಕಬ್ಬಿನ ಸೀಸನ್ ಮುಗಿದ ಮೇಲೆ ಟ್ರ್ಯಾಕ್ಟರಿಗೂ ಐಎಂಟಿ 26 ಮಾಡಿಸಬಹುದಾ ಅಣ್ಣ?

ಉತ್ತರ: ಇಲ್ಲ. ಟ್ರ್ಯಾಕ್ಟರ್ ಬರುವುದು ಮಿಸಲೇನಿಯಸ್, ಅಂದರೆ ಡಿ ವರ್ಗದಲ್ಲಿ. ಆ ವರ್ಗಕ್ಕೆ 26 ಅನ್ವಯಿಸಲ್ಲ. ಇರುವ ಪಾಲಿಸಿ ನಡೆಸಿಕೊಂಡು ಹೋಗಿ.

ಪಾಂಡವಪುರದವರಿಗೆ ಇನ್ನೊಂದು ಮಾತು. ಗಾಡಿ ಸಿದ್ಧವಾದ ಮೇಲೆ ತಪಾಸಣೆಗೆ ಮಂಡ್ಯ ಆರ್‌ಟಿಒಗೆ ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್ ಗಾಡಿಯ ಮೇಲೆ ಹೇರಿಸಿಕೊಂಡು ಹೋಗಿ. ನವೀಕರಣದ ಅರ್ಜಿ ಫಾರಂ 25. ಅದಕ್ಕೆ ಥರ್ಡ್ ಪಾರ್ಟಿ ವಿಮೆ ಬೇಕು, 26 ಸಾಲದು. 1000 ಸಿಸಿ ಒಳಗಿನ ಕಾರಿಗೆ 2022ರ ದರ ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ ಇದ್ದರೆ ಅದು. ಆರ್‌ಟಿಒಗೆ ಹೋಗುವ ವಾರದಲ್ಲಿ ಮಾಡಿಸಿದರೆ ಸಾಕು, ಶೆಡ್ಡಿನಲ್ಲಿರುವ ವರ್ಷಕ್ಕೆ ಕಟ್ಟಬೇಕಿಲ್ಲ.