ತಾಲ್ಲೂಕುವಾರು ಚಾರ್ಟ್: ಶೀರ್ಷಿಕೆ ಕಂಬಗಳ ಮೇಲೆ ಕೂರುತ್ತಿದೆ, ಹೆಸರುಗಳು ಓರೆಯಾಗುತ್ತಿವೆ

ನಾಲೆಬದಿ, ಮಂಡ್ಯ

ನಮಸ್ಕಾರ. ಮಂಡ್ಯ ಜಿಲ್ಲೆಯ ಏಳೂ ತಾಲ್ಲೂಕುಗಳ ಕಬ್ಬು, ಭತ್ತದ ವಿಸ್ತೀರ್ಣಕ್ಕೆ ಎಕ್ಸೆಲ್ 2016ರಲ್ಲಿ ಕಾಲಂ ಚಾರ್ಟ್ ಮಾಡುತ್ತಿದ್ದೇನೆ. ವರದಿ ಎ4 ಹಾಳೆಯಲ್ಲಿ ಪ್ರಿಂಟ್ ಆಗಬೇಕು. ತೊಂದರೆ ಇವು:

ಶೀರ್ಷಿಕೆ ಎತ್ತರದ ಕಂಬಗಳ ಮೇಲೆಯೇ ಬಂದು ಕೂರುತ್ತದೆ. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಥರದ ಉದ್ದ ಹೆಸರುಗಳಿಂದಾಗಿ ಕೆಳಗಿನ ಎಲ್ಲ ಹೆಸರುಗಳೂ ಓರೆಯಾಗುತ್ತವೆ. ಕಂಬದ ಮೇಲಿನ ಅಂಕಿಯಲ್ಲಿ ಅಲ್ಪವಿರಾಮ 1,50,000 ಎಂದು ಬರಬೇಕು, 150,000 ಎಂದು ಬರುತ್ತಿದೆ. ಇನ್ನು ಶೀರ್ಷಿಕೆಯನ್ನು ಸೆಲ್‌ಗೆ ಲಿಂಕ್ ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಸೆಲ್‌ನಲ್ಲಿ ಮಾತ್ರ ಸರಿಯಾಗಿಯೇ ಇದೆ.

ಸರಸ್ವತಿಪುರಂ

ಕೊನೆಯದರಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಸರಿಯಾಗದೆ ಉಳಿದದ್ದು ಮಾಡಿ ಪ್ರಯೋಜನವಿಲ್ಲ. ಸೆಲ್‌ನಲ್ಲಿರುವುದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರ (ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ರೂಪ), ಎಲ್ಲ ಕಡೆ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಅಲ್ಲ. ಅದು ಕನ್ನಡವಾಗಿ ಕಾಣುವುದು ಆ ಸೆಲ್‌ಗೆ ಕೊಟ್ಟಿರುವ ಫಾಂಟ್‌ನಿಂದ ಮಾತ್ರ. ಲಿಂಕ್ ಮಾಡಿದಾಗ ಶೀರ್ಷಿಕೆಗೆ ಬರುವುದು ಪಠ್ಯ ಅಷ್ಟೇ, ಫಾಂಟ್ ಬರುವುದಿಲ್ಲ. ಚಾರ್ಟ್ ತನ್ನದೇ ಫಾಂಟ್ ಹಾಕಿಕೊಳ್ಳುತ್ತದೆ, ಒಳಗಿನ ಗೋಜಲು ಹೊರಗೆ ಬೀಳುತ್ತದೆ. ಶೀರ್ಷಿಕೆಗೆ ನುಡಿ ಫಾಂಟ್ ಕೊಟ್ಟರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿಹೋಗುತ್ತದೆ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಮತ್ತೆ ಅದೇ ಕಥೆ. ದಯವಿಟ್ಟು ತಾಲ್ಲೂಕಿನ ಹೆಸರು, ಶೀರ್ಷಿಕೆ ಎರಡನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ನಿರ್ಮಲಾ ಯುಐ ಅಥವಾ ತುಂಗಾ ಕೊಡಿ.

ಈಗ ಶೀರ್ಷಿಕೆಯ ಜಾಗ. ಚಾರ್ಟ್ ಮೇಲೆ ಕ್ಲಿಕ್ ಮಾಡಿದರೆ ಬಲಮೂಲೆಯಲ್ಲಿ + ಗುಂಡಿ ಬರುತ್ತದೆ. ಅದರಲ್ಲಿ ಚಾರ್ಟ್ ಟೈಟಲ್ ಪಕ್ಕದ ಬಾಣ ಒತ್ತಿ ನೋಡಿ. 'ಸೆಂಟರ್ಡ್ ಓವರ್‌ಲೇ' ಆಯ್ಕೆಯಾಗಿದ್ದರೆ ಶೀರ್ಷಿಕೆ ಕಂಬಗಳ ಮೇಲೇ ಬರುತ್ತದೆ, ಅದರ ಅರ್ಥವೇ ಅದು. 'ಅಬವ್ ಚಾರ್ಟ್' ಕೊಡಿ. ಕೊಟ್ಟರೂ ಹಾಗೇ ಇದ್ದರೆ, ಪ್ಲಾಟ್ ಏರಿಯಾವನ್ನು, ಅಂದರೆ ಕಂಬಗಳಿರುವ ಚೌಕವನ್ನು, ಯಾರೋ ಕೈಯಿಂದ ಎಳೆದು ದೊಡ್ಡದು ಮಾಡಿದ್ದಾರೆ ಎಂದರ್ಥ. ಒಮ್ಮೆ ಕೈಯಿಂದ ಎಳೆದ ಪ್ಲಾಟ್ ಏರಿಯಾ ಶೀರ್ಷಿಕೆಗಾಗಿ ತಾನಾಗಿ ಜಾಗ ಬಿಡುವುದಿಲ್ಲ. ಕಂಬಗಳ ನಡುವಿನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಮೇಲಂಚಿನ ಹಿಡಿಕೆಯನ್ನು ಕೆಳಗೆ ಎಳೆಯಿರಿ.

ಶೀರ್ಷಿಕೆಯ ಪೆಟ್ಟಿಗೆಯ ಮೂಲೆ ಹಿಡಿದು ಅಗಲ ಮಾಡಲು ಹೋಗಬೇಡಿ, ಎಕ್ಸೆಲ್‌ನಲ್ಲಿ ಅದು ಆಗದು. ಪೆಟ್ಟಿಗೆ ದೊಡ್ಡದಾಗುವುದು ಅಕ್ಷರದ ಗಾತ್ರದಿಂದ. 2016ರಲ್ಲಿ ಶೀರ್ಷಿಕೆ ತಾನಾಗಿ 14 ಪಾಯಿಂಟ್, ಅಕ್ಷದ ಹೆಸರುಗಳು 9 ಪಾಯಿಂಟ್ ಬರುತ್ತವೆ. ಒತ್ತಕ್ಷರ ಇರುವ ಕನ್ನಡಕ್ಕೆ 9 ಸಾಲದು, 10 ಅಥವಾ 11 ಮಾಡಿ. ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ನೀವೇ ಮುರಿಯಿರಿ: ನೇರವಾಗಿ ಟೈಪಿಸಿದ್ದರೆ ಎಂಟರ್, ಲಿಂಕ್ ಆಗಿದ್ದರೆ ಮೂಲ ಸೆಲ್‌ನಲ್ಲಿ ಆಲ್ಟ್ ಹಿಡಿದು ಎಂಟರ್.

ಲಿಂಕ್ ಮಾಡುವಾಗ ಶೀರ್ಷಿಕೆಯ ಅಂಚನ್ನು ಆಯ್ದು, ಫಾರ್ಮುಲಾ ಬಾರ್‌ನಲ್ಲಿ = ಹಾಕಿ, ಸೆಲ್ ಮೇಲೆ ಕ್ಲಿಕ್ಕಿಸಿ ಎಂಟರ್ ಕೊಡಿ. ಅಲ್ಲಿ ಸೆಲ್‌ನ ವಿಳಾಸ ಮಾತ್ರ ನಡೆಯುತ್ತದೆ, ಫಂಕ್ಷನ್ ನಡೆಯುವುದಿಲ್ಲ. ವರ್ಷ, ಬೆಳೆಯ ಹೆಸರು ಸೇರಿಸಬೇಕಿದ್ದರೆ ಇನ್ನೊಂದು ಸೆಲ್‌ನಲ್ಲಿ & ಹಾಕಿ ಕೂಡಿಸಿ, ಆ ಸೆಲ್‌ಗೆ ಲಿಂಕ್ ಕೊಡಿ. ಲಿಂಕ್ ಆದ ಶೀರ್ಷಿಕೆಯಲ್ಲಿ ಒಂದು ಪದವನ್ನು ಮಾತ್ರ ದಪ್ಪ ಮಾಡಲು ಬರುವುದಿಲ್ಲ, ಪೂರ್ತಿ ಒಂದೇ ರೂಪ.

ಅಗ್ರಹಾರ ವೃತ್ತ

ಸರ್ ಹೇಳಿದ್ದು ಸರಿ. ಹೆಸರುಗಳ ವಿಷಯಕ್ಕೆ ನನ್ನ ಅಭಿಪ್ರಾಯ ಬೇರೆ ಇದೆ: ಕಾಲಂ ಬಿಟ್ಟು ಅಡ್ಡ ಬಾರ್ ಚಾರ್ಟ್ ಮಾಡಿ. ಹೆಸರು ಎಡಕ್ಕೆ ನೆಟ್ಟಗೆ ಬರುತ್ತದೆ, ತಲೆ ಓರೆ ಮಾಡಿ ಓದುವ ಕಷ್ಟ ಯಾರಿಗೂ ಇರುವುದಿಲ್ಲ. ಒಂದೇ ತೊಡಕು, ಪಟ್ಟಿಯ ಮೊದಲ ತಾಲ್ಲೂಕು ಕೆಳಗೆ ಹೋಗುತ್ತದೆ. ಹೆಸರಿನ ಅಕ್ಷಕ್ಕೆ ಫಾರ್ಮ್ಯಾಟ್ ಆಕ್ಸಿಸ್ ತೆರೆದು 'ಕೆಟಗರೀಸ್ ಇನ್ ರಿವರ್ಸ್ ಆರ್ಡರ್' ಗುರುತಿಸಿ. ಆಗ ಅಂಕಿಗಳ ಅಕ್ಷ ಮೇಲಕ್ಕೆ ಹಾರುತ್ತದೆ. ಅಲ್ಲೇ 'ಅಟ್ ಮ್ಯಾಕ್ಸಿಮಮ್ ಕೆಟಗರಿ' ಕೊಟ್ಟರೆ ಕೆಳಗೆ ಬರುತ್ತದೆ.

ಕಾಲಂ ಚಾರ್ಟೇ ಬೇಕು ಎಂದಾದರೆ ಫಾರ್ಮ್ಯಾಟ್ ಆಕ್ಸಿಸ್‌ನ ಅಲೈನ್‌ಮೆಂಟ್‌ನಲ್ಲಿ ಕಸ್ಟಮ್ ಆಂಗಲ್ 0 ಮಾಡಿ. ಮೊದಲೇ 0 ಕಾಣುತ್ತಿದ್ದರೂ ಅದು ಎಕ್ಸೆಲ್ ತಾನೇ ತೀರ್ಮಾನಿಸುವ ಸ್ಥಿತಿ, ಆದ್ದರಿಂದ 1 ಹಾಕಿ ಮತ್ತೆ 0 ಹಾಕಿ. ಕೃಷ್ಣರಾಜಪೇಟೆಯನ್ನು ಕೆ.ಆರ್.ಪೇಟೆ ಎಂದು ಬರೆದರೆ ಅರ್ಧ ಜಾಗ ಉಳಿಯುತ್ತದೆ, ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಶ್ರೀರಂಗಪಟ್ಟಣವನ್ನು ಮೊಟಕುಗೊಳಿಸಲು ಆಗದು, ನಡುವೆ ಸ್ಪೇಸ್ ಇಲ್ಲದ್ದರಿಂದ ಎರಡು ಸಾಲಾಗಿ ಚೆಂದವಾಗಿ ಮುರಿಯುವುದೂ ಇಲ್ಲ. ಬಾರ್ ಚಾರ್ಟ್ ಎನ್ನುವುದು ಇದಕ್ಕೇ.

'ವಿಸ್ತೀರ್ಣ, ಹೆಕ್ಟೇರ್' ಎಂಬ ಅಕ್ಷದ ಹೆಸರನ್ನು ನಿಲ್ಲಿಸಿ ಬರೆಯುವಾಗ 270 ಡಿಗ್ರಿ ತಿರುಗಿಸುವ ಆಯ್ಕೆ ತೆಗೆದುಕೊಳ್ಳಿ. 'ಸ್ಟ್ಯಾಕ್ಡ್' ಬೇಡ, ಒಂದರ ಕೆಳಗೊಂದು ಅಕ್ಷರ ಜೋಡಿಸಿದರೆ ಕನ್ನಡ ಓದಲಾಗುವುದಿಲ್ಲ.

ಲಕ್ಷದ ಅಲ್ಪವಿರಾಮಕ್ಕೆ: ಡೇಟಾ ಲೇಬಲ್ (ಕಂಬದ ಮೇಲಿನ ಅಂಕಿ) ಆಯ್ದು, ಬಲಗಡೆ ನಂಬರ್ ವಿಭಾಗದ ಫಾರ್ಮ್ಯಾಟ್ ಕೋಡ್ ಪೆಟ್ಟಿಗೆಯಲ್ಲಿ ಹೀಗೆ ಹಾಕಿ:

[>=10000000]##\,##\,##\,##0;[>=100000]##\,##\,##0;##,##0

ಹಾಕಿದ ಮೇಲೆ ಪಕ್ಕದ 'ಆ್ಯಡ್' ಗುಂಡಿ ಒತ್ತಲೇಬೇಕು. ಒತ್ತದಿದ್ದರೆ ಏನೂ ಬದಲಾಗುವುದಿಲ್ಲ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಅಂಕಿಯ ಗುಂಪನ್ನು ಭಾರತೀಯ ಕ್ರಮಕ್ಕೆ ಬದಲಿಸಿದರೂ ಆಗುತ್ತದೆ, ಆದರೆ ಅದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಈ ಕೋಡ್ ಫೈಲ್‌ನ ಜೊತೆಗೇ ಹೋಗುತ್ತದೆ.

ನಾಲೆಬದಿ, ಮಂಡ್ಯ

ಬಾರ್ ಚಾರ್ಟ್ ಮಾಡಿದೆ, ಹೆಸರು, ಅಂಕಿ ಎರಡೂ ಸರಿಯಾದವು. ಇನ್ನೊಂದು ಹಾಳೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟದ ಲೈನ್ ಚಾರ್ಟ್ ಇದೆ. ಗರಿಷ್ಠ ಮಟ್ಟ 124.80 ಅಡಿ ಎಂದು ಒಂದು ಅಡ್ಡಗೆರೆ ಬೇಕು, ಅದರ ಕೊನೆಯಲ್ಲಿ ಮಾತ್ರ ಲೇಬಲ್ ಬೇಕು. ಈಗ ಪ್ರತಿ ದಿನಾಂಕದ ಮೇಲೂ 124.8 ಬಂದು ಕಿಕ್ಕಿರಿದಿದೆ.

ಸರಸ್ವತಿಪುರಂ

ಗೆರೆಗೆ ಲೇಬಲ್ ಪೂರ್ತಿ ತೆಗೆದುಹಾಕಿ. ಗೆರೆಯ ಮೇಲೆ ಒಮ್ಮೆ ಕ್ಲಿಕ್, ಸ್ವಲ್ಪ ತಡೆದು ಕೊನೆಯ ಬಿಂದುವಿನ ಮೇಲೆ ಇನ್ನೊಮ್ಮೆ ಕ್ಲಿಕ್. ಆ ಬಿಂದು ಮಾತ್ರ ಆಯ್ಕೆಯಾಗುತ್ತದೆ. ರೈಟ್ ಕ್ಲಿಕ್ ಮಾಡಿ ಆ್ಯಡ್ ಡೇಟಾ ಲೇಬಲ್, ಸ್ಥಾನ 'ಅಬವ್'. ಫಾರ್ಮ್ಯಾಟ್ ಕೋಡ್ 0.00" ಅಡಿ" ಎಂದು ಕೊಟ್ಟರೆ ಬಿಟ್ಟುಹೋದ ಸೊನ್ನೆಯೂ ಬರುತ್ತದೆ. ನಮ್ಮ ಕಡೆ 124.80 ಎಂದೇ ಓದುವ ರೂಢಿ, 124.8 ಎಂದರೆ ಅಪೂರ್ಣವಾಗಿ ಕಾಣುತ್ತದೆ.

ಅಕ್ಷದ ಕನಿಷ್ಠ ಬೆಲೆಯನ್ನು 70ಕ್ಕೆ ಇಡಬಹುದು, ಲೈನ್ ಚಾರ್ಟ್‌ಗೆ ಅದು ಸರಿ. ವಿಸ್ತೀರ್ಣದ ಬಾರ್ ಚಾರ್ಟ್‌ನಲ್ಲಿ ಮಾತ್ರ ಸೊನ್ನೆಯಿಂದಲೇ ಶುರುವಾಗಲಿ. ಅಲ್ಲಿ ಉದ್ದವೇ ಲೆಕ್ಕ, ಬುಡ ಕತ್ತರಿಸಿದರೆ ಮದ್ದೂರಿಗೂ ಮಳವಳ್ಳಿಗೂ ಇಲ್ಲದ ಅಂತರ ಕಾಣುತ್ತದೆ.

ಮೇಲುಕೋಟೆ ಕಲ್ಯಾಣಿ

ಲಿಬ್ರೆ ಆಫೀಸ್ ಬಳಸುವವರಿಗೆ ಒಂದು ಮಾತು. ಚಾರ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋದ ಮೇಲೆ ಇನ್ಸರ್ಟ್ ಮೆನುವಿನ ಟೈಟಲ್ಸ್ ಸಿಗುತ್ತದೆ, ಅಲ್ಲಿ ಉಪಶೀರ್ಷಿಕೆಗೂ ಪ್ರತ್ಯೇಕ ಜಾಗವಿದೆ. ಶೀರ್ಷಿಕೆಯ ಅಕ್ಷರದ ಗಾತ್ರ ಹೆಚ್ಚಿಸಿದರೂ ಕನ್ನಡ ಹಾಗೇ ಉಳಿದರೆ, ನೀವು ಬದಲಿಸಿದ್ದು ವೆಸ್ಟರ್ನ್ ಫಾಂಟ್. ಕನ್ನಡಕ್ಕೆ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಫಾಂಟ್‌ನ ಗಾತ್ರ ಬೇರೆಯಾಗಿ ಬದಲಿಸಬೇಕು. ಅದು ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ.

ಅಗ್ರಹಾರ ವೃತ್ತ

ಪ್ರಿಂಟ್ ಕೊಡುವ ಮುಂಚೆ ಚಾರ್ಟ್‌ನ ಹೊರಗೆ ಯಾವುದಾದರೂ ಸೆಲ್ ಮೇಲೆ ಕ್ಲಿಕ್ ಮಾಡಿ. ಚಾರ್ಟ್ ಆಯ್ಕೆಯಾಗಿದ್ದಾಗ ಪ್ರಿಂಟ್ ಕೊಟ್ಟರೆ ಅದೊಂದೇ ಪುಟ ತುಂಬ ಹಿಗ್ಗಿ ಬರುತ್ತದೆ, ನೀವು ಹೊಂದಿಸಿದ ಅಳತೆ ನಿಲ್ಲುವುದಿಲ್ಲ. ಫಾರ್ಮ್ಯಾಟ್ ಚಾರ್ಟ್ ಏರಿಯಾದ ಪ್ರಾಪರ್ಟೀಸ್‌ನಲ್ಲಿ 'ಡೋಂಟ್ ಮೂವ್ ಆರ್ ಸೈಜ್ ವಿತ್ ಸೆಲ್ಸ್' ಗುರುತಿಸಿ. ಇಲ್ಲದಿದ್ದರೆ ಚಾರ್ಟ್‌ನ ಹಿಂದಿರುವ ಸಾಲುಗಳನ್ನು ಮರೆಮಾಡಿದಾಗ ಚಾರ್ಟ್ ಕುಗ್ಗಿ, ಶೀರ್ಷಿಕೆ ಮತ್ತೆ ಬಾರ್‌ಗಳಿಗೆ ತಾಗುತ್ತದೆ.