ಆಪರೇಷನ್ ಆಗಿ ಮೂರು ದಿನ, ಅಮ್ಮ ಅಂಗಾತ ಮಲಗಿದವರು ಏಳುತ್ತಿಲ್ಲ. ಅನುಭವ ಇದ್ದವರು ಹೇಳಿ

ಅಮ್ಮನಿಗೆ 63 ವರ್ಷ. ಪಿತ್ತಕೋಶದಲ್ಲಿ ಕಲ್ಲು. ಲ್ಯಾಪ್ರೋಸ್ಕೋಪಿಯಲ್ಲೇ ಮುಗಿಸುತ್ತೇವೆ ಅಂದಿದ್ದರು. ಒಳಗೆ ತುಂಬಾ ಅಂಟಿಕೊಂಡಿತ್ತಂತೆ, ಕೊನೆಗೆ ಪಕ್ಕೆಲುಬಿನ ಕೆಳಗೆ ಕೊಯ್ದೇ ತೆಗೆದರು. ಈಗ ಸಣ್ಣ ಸಣ್ಣ ಉಸಿರು. ಕೆಮ್ಮು ಬಂದರೂ ನೋವಿಗೆ ಹೆದರಿ ತಡೆದುಕೊಳ್ಳುತ್ತಾರೆ. ಡಾಕ್ಟರು ರೌಂಡ್ಸಿಗೆ ಬಂದಾಗ ‘ಕೂರಿಸಿ, ನಡೆಸಿ’ ಅಂತ ಹೇಳಿ ಹೋಗುತ್ತಾರೆ. ನೋಡಲು ಬಂದ ದೊಡ್ಡಮ್ಮ ‘ಹಸಿ ಗಾಯ ಕಣೇ, ಅಲ್ಲಾಡಿಸಿದರೆ ಹೊಲಿಗೆ ಬಿಚ್ಚೀತು’ ಅನ್ನುತ್ತಾರೆ. ಉಸಿರಿನ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಡಬ್ಬಿ ಬೇರೆ ಕೊಟ್ಟಿದ್ದಾರೆ. ಅಮ್ಮ ಎಷ್ಟು ಊದಿದರೂ ಒಂದು ಚೆಂಡೂ ಏಳಲ್ಲ. ಏನು ಮಾಡಲಿ?

ಶಿವಮೊಗ್ಗದಿಂದ

ಮೊದಲು ಆ ಡಬ್ಬಿ. ಅದನ್ನು ಊದಬಾರದು, ಹೀರಬೇಕು! ನಮ್ಮಪ್ಪನೂ ಎರಡು ದಿನ ಕೆನ್ನೆ ಉಬ್ಬಿಸಿಕೊಂಡು ಊದಿದ್ದೇ ಊದಿದ್ದು. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ‘ಚೆಂಡು ಊದಿದ್ರಾ?’ ಅನ್ನೋದೇ ಮಾತು, ಅವರ ತಪ್ಪೇನು? ಎಳನೀರಿಗೆ ಸ್ಟ್ರಾ ಹಾಕಿ ಹೀರಿದ ಹಾಗೆ ನಿಧಾನಕ್ಕೆ ಎಳೆಯೋಕೆ ಹೇಳಿ. ಮೊದಲು ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಆಮೇಲೆ. ಮೂರೂ ಚೆಂಡು ಟಣ್ ಅಂತ ಹಾರಿಸೋದಕ್ಕಿಂತ ಒಂದು ಚೆಂಡನ್ನು ಮೂರು ಸೆಕೆಂಡ್ ಮೇಲೆ ನಿಲ್ಲಿಸೋದು ಮೇಲು ಅಂತ ನಮ್ಮ ಫಿಸಿಯೋ ಹೇಳಿದ್ದರು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಮಲಗಿಕೊಂಡು ಬೇಡ, ಕೂತು ಮಾಡಿಸಿ.

ಕೆಮ್ಮೋವಾಗ ಒಂದು ದಿಂಬನ್ನು ಗಾಯದ ಮೇಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಳ್ಳಲಿ. ಅಪ್ಪನಿಗೆ ಆ ಹಳೇ ದಿಂಬು ಎಷ್ಟು ರೂಢಿಯಾಯ್ತು ಅಂದ್ರೆ ಮನೆಗೆ ಬಂದ ಮೇಲೆ ಜೋಕಿಗೆ ನಗೋಕೂ ದಿಂಬು ಕೇಳೋರು.

ನಿವೃತ್ತ ನರ್ಸ್, ಮೈಸೂರು

ಬಹಳ ವರ್ಷ ಸರ್ಜಿಕಲ್ ವಾರ್ಡಿನಲ್ಲೇ ಇದ್ದೆ. ನಿಮ್ಮ ದೊಡ್ಡಮ್ಮನ ಮೇಲೆ ಸಿಟ್ಟಾಗಬೇಡಮ್ಮ. ಒಂದು ಕಾಲಕ್ಕೆ ಡಾಕ್ಟರುಗಳೇ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಬೇಗ ಎಬ್ಬಿಸುವ ಪದ್ಧತಿ ಬಲವಾಗಿದ್ದು 1940ರ ದಶಕದಲ್ಲಿ.

ಅಂಗಾತ ಮಲಗಿದಾಗ ಲಿವರ್, ಕರುಳು ಎಲ್ಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವನ್ನು, ಎದೆಯ ಕಡೆಗೆ ತಳ್ಳುತ್ತವೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ, ನಿಂತಾಗ ಇರುವುದಕ್ಕಿಂತ ಅರ್ಧದಿಂದ ಒಂದು ಲೀಟರಿನಷ್ಟು ಕಡಿಮೆಯಾಗುತ್ತದೆ. ಅದರ ಮೇಲೆ ಅರಿವಳಿಕೆಯ ಪರಿಣಾಮ, ನೋವು ಬೇರೆ. ಹೊಟ್ಟೆಯ ಮೇಲ್ಭಾಗ ಕೊಯ್ದವರಿಗೆ ವಪೆ ಕೆಲವು ದಿನ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಶ್ವಾಸಕೋಶದ ತಳದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ, ಕಫ ಅಲ್ಲೇ ಕೂರುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕೂತರೆ ಹೊಟ್ಟೆಯ ಭಾರ ಕೆಳಗಿಳಿದು ವಪೆಗೆ ಜಾಗ ಸಿಗುತ್ತದೆ. ನಡೆದರೆ ಉಸಿರು ತಾನಾಗೇ ಆಳವಾಗುತ್ತದೆ. ಡಬ್ಬಿ ಒಂದೇ ಸಾಕು ಅನ್ನೋದಕ್ಕೆ ಸಂಶೋಧನೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ, ನನಗೂ ಅದರ ಮೇಲೆ ಅಂಥ ಭಕ್ತಿ ಇಲ್ಲ. ನಡೆಸುವುದರ ಮೇಲೆ ಇದೆ.

ಮಂಚದ ತಲೆಭಾಗ 30ರಿಂದ 45 ಡಿಗ್ರಿ ಏರಿಸಿಡಿ. ನಾವು ಅದನ್ನು ಫೌಲರ್ಸ್ ಪೊಸಿಷನ್ ಅನ್ನುತ್ತಿದ್ದೆವು. ಜಾರ್ಜ್ ಫೌಲರ್ ಅಂತ ಅಮೆರಿಕದ ಸರ್ಜನ್ ಒಬ್ಬರು, 1900ರ ಸುಮಾರಿಗೆ, ಹೊಟ್ಟೆಯ ಕೀವು ಕೆಳಗಿಳಿಯಲಿ ಅಂತ ರೋಗಿಗಳನ್ನು ಹಾಗೆ ಒರಗಿಸುತ್ತಿದ್ದರು. ಈಗ ಅದೇ ಭಂಗಿ ಉಸಿರಿಗೆ ಒದಗುತ್ತಿದೆ.

ಇಲ್ಲೊಂದು ತಪ್ಪು ದಿನಾ ನೋಡುತ್ತಿದ್ದೆ. ಹ್ಯಾಂಡಲ್ ತಿರುಗಿಸಿ ಮಂಚ ಏರಿಸುತ್ತಾರೆ, ಅರ್ಧ ಗಂಟೆಯಲ್ಲಿ ರೋಗಿ ಕಾಲಿನ ಕಡೆಗೆ ಜಾರಿರುತ್ತಾರೆ. ಮಂಚ ಮಡಚುವ ಜಾಗಕ್ಕೆ ಸೊಂಟ ಬರುವ ಬದಲು ಎದೆ ಬಂದಿರುತ್ತದೆ, ಗದ್ದ ಎದೆಗೆ ತಾಗಿರುತ್ತದೆ. ಅದು ಚಪ್ಪಟೆ ಮಲಗಿದ್ದಕ್ಕಿಂತ ಒಳ್ಳೆಯದೇನಲ್ಲ. ಇಬ್ಬರು ಸೇರಿ ಹಾಸುಬಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಮತ್ತೆ, ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆಯಾದ ಮೇಲೆ ನಡೆಸಿ. ನೋವಿಟ್ಟುಕೊಂಡು ಯಾರೂ ಆಳವಾಗಿ ಉಸಿರೆಳೆಯಲ್ಲ.

ಧಾರವಾಡದಿಂದ

ನಮ್ಮಪ್ಪಗ ಬೈಪಾಸ್ ಆಗಿ ಎರಡು ವರ್ಷ ಆತ್ರಿ. ಎಬ್ಬಸಬೇಕು ಅನ್ನೋದು ಖರೇ, ಆದ್ರ ಅವಸರ ಮಾಡಬ್ಯಾಡ್ರಿ. ನಾಲ್ಕನೇ ದಿನ ನಾ ಹುಮ್ಮಸ್ಸಿನಾಗ ಸೀದಾ ನಿಂದ್ರಿಸಿಬಿಟ್ಟೆ. ಮಾರಿ ಬೆಳ್ಳಗಾತು, ನನ್ನ ಹೆಗಲ ಮ್ಯಾಲ ವಾಲಿದ್ರು. ಬಿ.ಪಿ. ಇಳದಿತ್ತಂತ. ಆಮ್ಯಾಲ ಸಿಸ್ಟರ್ ಕಲಿಸಿದ್ರು: ಮೊದಲ ಮೊಣಕಾಲು ಮಡಚಿ ಮಗ್ಗಲಾಗೂದು, ಕಾಲು ಮಂಚದ ಕೆಳಗ ಬಿಡೂದು, ಆಮ್ಯಾಲ ಏಳೂದು. ಐದು ನಿಮಿಷ ಹಂಗ ಕುಂತು ಪಾದ ಮ್ಯಾಲ ಕೆಳಗ ಆಡಸೂದು, ತಲಿ ತಿರಗಲಿಲ್ಲ ಅಂದ್ರ ನಿಂದ್ರೂದು. ಅಪ್ಪಗ ಎದಿ ಎಲುಬು ಕೊಯ್ದಿದ್ರು, ಕೈ ಊರೂ ಹಂಗಿರಲಿಲ್ಲ. ನಿಮ್ಮ ಅವ್ವಾರು ಮೊಣಕೈ ಊರಿ ಏಳಬಹುದು, ಹೊಟ್ಟಿ ಜಗ್ಗಂಗಿಲ್ಲ. ನಳಿಗಿ, ಮೂತ್ರದ ಚೀಲ ಮೊದಲ ಕೈಯಾಗ ಹಿಡ್ಕೋರಿ. ಚೀಲ ಸೊಂಟಕ್ಕಿಂತ ಕೆಳಗ ಇರಲಿ.

ಮಂಡ್ಯದಿಂದ

ಮನೆಗೆ ಬಂದ ಮೇಲೆ ಏರಿಸೋ ಮಂಚ ಎಲ್ಲಿಂದ ತರೋದು ಅಂತ ಚಿಂತೆ ಬೇಡ. ಪ್ಲಾಸ್ಟಿಕ್ ಕುರ್ಚಿನ ಬೋರಲು ಹಾಕಿ, ತಲೆಭಾಗದ ಗೋಡೆಗೆ ಒತ್ತಿಟ್ಟು, ಇಳಿಜಾರಾದ ಬೆನ್ನಿನ ಮೇಲೆ ಎರಡು ದಿಂಬು ಹಾಕಿ. ನಮ್ಮತ್ತೆ ಮೂರು ವಾರ ಅದಕ್ಕೇ ಒರಗಿದ್ದರು.

ಕೇಳಿದವಳು ನಾನೇ

ಎಲ್ಲರಿಗೂ ಥ್ಯಾಂಕ್ಸ್. ‘ಅಮ್ಮಾ, ಎಳನೀರು ಹೀರು’ ಅಂದೆ. ಒಂದು ಚೆಂಡು ಎದ್ದಿತು. ‘ಊದು ಅಂದವಳು ನೀನೇ ತಾನೆ’ ಅಂತ ಬೈಸಿಕೊಂಡೆ. ಸಂಜೆ ಮಗ್ಗಲಾಗಿ ಎದ್ದು ಕಾಲು ಇಳಿಬಿಟ್ಟು ಕೂತರು. ಇನ್ನೆರಡು ಪ್ರಶ್ನೆ: ಹೊಟ್ಟೆಗೆ ಬೆಲ್ಟ್ ಹಾಕಿದ್ದಾರೆ, ಬಿಗಿಯಾಗಿರಬೇಕಾ? ಕಾಲು ನೋಯುತ್ತೆ ಅಂತಾರೆ, ದೊಡ್ಡಮ್ಮ ಎಣ್ಣೆ ತಿಕ್ಕಲಾ ಅಂತ ಕೇಳುತ್ತಿದ್ದಾರೆ.

ನಿವೃತ್ತ ನರ್ಸ್, ಮೈಸೂರು

ಬೆಲ್ಟ್ ಪಕ್ಕೆಲುಬಿನ ಮೇಲೆ ಹತ್ತಿ ಕೂತರೆ ಉಸಿರನ್ನೇ ಕಟ್ಟುತ್ತದೆ. ಕೂತಾಗ ಅದರೊಳಗೆ ಅಂಗೈ ಸುಲಭವಾಗಿ ತೂರಬೇಕು. ಮಲಗಿರುವಾಗ ಬೇಕಾ ಅಂತ ನಿಮ್ಮ ಸರ್ಜನ್ನರನ್ನೇ ಕೇಳಿ.

ಎಣ್ಣೆ ಮಾತ್ರ ತಡೆಯಿರಿ. ಎರಡೂ ಕಾಲು ಬರಿದು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಹಾಗೆ ಕಂಡರೆ ಈ ರಾತ್ರಿಯೇ ಡ್ಯೂಟಿ ಡಾಕ್ಟರಿಗೆ ತೋರಿಸಿ, ಅವರು ನೋಡುವವರೆಗೆ ನಡೆಸಬೇಡಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಕಂಡರೆ ಬೆಲ್ ಒತ್ತಿ. ಸಿಸ್ಟರ್ ಬರೋದು ತಡವಾದರೆ ಓಡಿಹೋಗಿ ಕರೆಯಿರಿ, ಸಂಕೋಚ ಬೇಡ.